ಶ್ರುತಿ ಹುಡುಕುವ ಯಂತ್ರವೂ ನಮ್ಮ ಸೀಮೆಯ ಕಂಠಗಳೂ



ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ನಮ್ಮ ಶಿರೋಳದ ಭಜನಾ ಮೇಳದ ಕ್ಯಾಸೆಟ್ಟೊಂದನ್ನು ಗಣಕಯಂತ್ರಕ್ಕೆ ಇಳಿಸಿ, ತಂತ್ರಾಂಶವೊಂದರಿಂದ ಅದರ ಶ್ರುತಿಯನ್ನು ಪರೀಕ್ಷಿಸಿದನು. ಅದರಲ್ಲಿದ್ದ ಪದವು ಝಿಂಝೋಟಿಯ ಧಾಟಿಯದು. ಯಂತ್ರವು ‘ಎಫ್ ಶಾರ್ಪ್ ಮೇಜರ್’ ಎಂದಿತು. ಅಂದರೆ ಕರಿ ಮೂರು. ಅಂದು ಹಾರ್ಮೋನಿಯಂ ನುಡಿಸಿದ್ದ ಹಿರಿಯರು ‘ಕರಿ ಒಂದು, ಸಂಶಯವೇ ಇಲ್ಲ’ ಎಂದರು. ಯಾರ ಮಾತು ನಿಜವೆಂದು ಆತನು ನನ್ನನ್ನು ಕೇಳಿದ್ದಾನೆ. ಉತ್ತರದಲ್ಲಿ ನಮ್ಮ ಸೀಮೆಯ ಸಂಗೀತದ ಚರಿತ್ರೆಯೂ ಅಡಗಿರುವುದರಿಂದ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಇಂತಹ ತಂತ್ರಾಂಶಗಳ ಮೂಲವು ಪಾಶ್ಚಾತ್ಯ ಸಂಗೀತದಲ್ಲಿದೆ. ಅಮೆರಿಕದ ಮನೋವಿಜ್ಞಾನಿ ಕ್ಯಾರಲ್ ಕ್ರುಮ್‌ಹಾನ್ಸಲ್ ಅವರು 1982ರಲ್ಲಿ ಎಡ್ವರ್ಡ್ ಕೆಸ್ಲರ್ ಅವರೊಡನೆ ಪ್ರಕಟಿಸಿದ ಪ್ರಯೋಗಗಳಲ್ಲಿ, ಹನ್ನೆರಡು ಸ್ವರಗಳಲ್ಲಿ ಯಾವುದು ಎಷ್ಟು ಹೊಂದುತ್ತದೆಂದು ಕೇಳುಗರಿಂದಲೇ ಅಂಕ ಹಾಕಿಸಿದರು. ಹಾಡಿನಲ್ಲಿ ಯಾವ ಸ್ವರವು ಎಷ್ಟು ಹೊತ್ತು ನಿಂತಿತೆಂದು ಲೆಕ್ಕ ಹಾಕಿ, ಹನ್ನೆರಡು ಮೇಜರ್, ಹನ್ನೆರಡು ಮೈನರ್, ಹೀಗೆ 24 ಅಚ್ಚುಗಳೊಡನೆ ಹೋಲಿಸುವ ವಿಧಾನವು ಅದರಿಂದ ಹುಟ್ಟಿತು. 1999ರಲ್ಲಿ ಜಪಾನಿನ ತಕುಯಾ ಫುಜಿಶಿಮಾ ಅವರು ಧ್ವನಿಮುದ್ರಣದಿಂದಲೇ ಹನ್ನೆರಡು ಸ್ವರಗಳ ಪ್ರಮಾಣವನ್ನು ತೆಗೆಯುವ ಕ್ರಮವನ್ನು ತೋರಿಸಿದರು.

ಈಗ ಆ ಪದದ ಒಗಟು ಬಿಡಿಸೋಣ. ಝಿಂಝೋಟಿಯಲ್ಲಿ ಕೋಮಲ ನಿಷಾದವೇ ಪ್ರಧಾನ. ಕರಿ ಒಂದನ್ನು ಷಡ್ಜವಾಗಿಟ್ಟು ಅದನ್ನು ಹಾಡಿದರೆ ಬರುವ ಸ್ವರಗಳೇ ಕರಿ ಮೂರರ ಮೇಜರ್ ಶ್ರೇಣಿಯಲ್ಲಿಯೂ ಇವೆ. ಯಂತ್ರವು ಸ್ವರಗಳನ್ನು ಸರಿಯಾಗಿಯೇ ಕೇಳಿತು. ಆದರೆ ಮಧ್ಯಮವನ್ನು ಷಡ್ಜವೆಂದು ಬಗೆಯಿತು. ಹಿರಿಯರ ಮಾತೇ ನಿಜ.

ನಮ್ಮಲ್ಲಿ ಷಡ್ಜವನ್ನು ಸ್ವರಗಳ ಎಣಿಕೆಯಿಂದ ಕಾಣುವುದು ಕಷ್ಟ. ಮಾರವಾ ರಾಗದ ಗಾಯಕನು ಷಡ್ಜವನ್ನು ಬಹಳ ಹೊತ್ತು ತಪ್ಪಿಸಿಕೊಂಡೇ ಹಾಡುತ್ತಾನೆ. ಆದರೂ ಕೇಳುವವನಿಗೆ ಷಡ್ಜವು ಮರೆಯಾಗದು. ಏಕೆಂದರೆ ಹಿಂದೆ ತಂಬೂರಿ ಅದನ್ನೇ ನುಡಿಯುತ್ತಿರುತ್ತದೆ. ಈ ಸತ್ಯವನ್ನು ವಿಜ್ಞಾನಿಗಳೂ ಹಿಡಿದರು. ಬಾರ್ಸಿಲೋನಾದ ವಿಶ್ವವಿದ್ಯಾಲಯವೊಂದರಲ್ಲಿ ಕ್ಸೇವಿಯರ್ ಸೆರ್ರಾ ಅವರ ನೇತೃತ್ವದಲ್ಲಿ 2011ರಲ್ಲಿ ಆರಂಭವಾದ ‘ಕಾಂಪ್‌ಮ್ಯೂಸಿಕ್’ ಯೋಜನೆಯಲ್ಲಿ ಮದರಾಸಿನ ಐಐಟಿಯೂ ಪಾಲ್ಗೊಂಡಿತ್ತು. 2012ರಲ್ಲಿ ಜಸ್ಟಿನ್ ಸಾಲಮನ್, ಸಂಕಲ್ಪ್ ಗುಲಾಟಿ ಮತ್ತು ಸೆರ್ರಾ ಅವರು, ಗಾಯಕನ ದನಿಯೊಂದನ್ನೇ ಅನುಸರಿಸದೆ, ಹಿನ್ನೆಲೆಯ ತಂಬೂರಿಯ ನಾದವನ್ನೂ ಹಿಡಿದು ಷಡ್ಜವನ್ನು ನಿರ್ಣಯಿಸುವ ವಿಧಾನವನ್ನು ಮಂಡಿಸಿದರು.

‘ಕರಿ ಒಂದು’, ‘ಬಿಳಿ ನಾಲ್ಕು’ ಎಂಬ ಹೆಸರುಗಳಾದರೂ ನಮ್ಮ ಪೂರ್ವಿಕರವಲ್ಲ. ಯುರೋಪಿನಿಂದ ಬಂದ ಹಾರ್ಮೋನಿಯಂ ಮನೆಗಳ ಹೆಸರುಗಳು. ಅದರ ಸ್ವರಗಳು ನಮ್ಮ ಶ್ರುತಿಗೆ ಒಗ್ಗವೆಂದು ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ್, ಇಂಗ್ಲಿಷ್ ಅಧಿಕಾರಿ ಕ್ಲೆಮೆಂಟ್ಸ್ ಮುಂತಾದವರು 20ನೆಯ ಶತಮಾನದ ಆರಂಭದಲ್ಲಿಯೇ ವಾದಿಸಿದರು. 1940ರಲ್ಲಿ ಆಕಾಶವಾಣಿಯು ಆ ವಾದ್ಯವನ್ನು ನಿಷೇಧಿಸಿತು. 1971ರಲ್ಲಿ ನಿಷೇಧವು ಸಡಿಲವಾಯಿತು. ಆ ವಾದ್ಯಕ್ಕೆ ಬಾಗಿಲು ಮುಚ್ಚಿದ ಕಾಲದಲ್ಲಿಯೂ ಅದು ಕೊಟ್ಟ ಹೆಸರುಗಳು ಮಾತ್ರ ಗಾಯಕರ ಬಾಯಲ್ಲಿ ಉಳಿದವು.

ದೇವಲರ ಶ್ರುತಿಪ್ರಯೋಗಗಳಿಗೆ ಕಂಠವಿತ್ತ ಅಬ್ದುಲ್ ಕರೀಂ ಖಾನರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯರಲ್ಲಿ ಗಂಗೂಬಾಯಿ ಹಾನಗಲ್ಲ, ನಮ್ಮ ರೋಣದಲ್ಲಿ 1922ರಲ್ಲಿ ಜನಿಸಿದ ಭೀಮಸೇನ ಜೋಶಿ ಇಬ್ಬರೂ ಇದ್ದರು. ಗಂಗೂಬಾಯಿಯವರ 1930ರ ದಶಕದ ತಟ್ಟೆಗಳಲ್ಲಿ ಕೇಳುವುದು ತೆಳುವಾದ, ಏರಿದ ಹೆಣ್ಣುದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಅದೇ ಕಂಠವು ಗಂಡುದನಿಯಷ್ಟು ಗಂಭೀರವಾಯಿತು. ಹೆಂಗಸರಿಗೆ ಇಷ್ಟು, ಗಂಡಸರಿಗೆ ಇಷ್ಟು ಎಂದು ಮೊದಲೇ ಗೆರೆ ಎಳೆದ ಯಂತ್ರವು ಅವರ ಮುಂದೆ ಸೋಲುತ್ತದೆ.

ಇನ್ನೊಂದು ಎಚ್ಚರಿಕೆಯ ಮಾತು. ಹಳೆಯ ತಟ್ಟೆಗಳೆಲ್ಲ ನಿಮಿಷಕ್ಕೆ ಸರಿಯಾಗಿ 78 ಸುತ್ತಿನಲ್ಲಿ ಮುದ್ರಿತವಾದವುಗಳಲ್ಲ. 74 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ವೇಗವು ಶೇಕಡಾ 5ಕ್ಕಿಂತ ಹೆಚ್ಚುತ್ತದೆ. ಶ್ರುತಿಯು ಹೆಚ್ಚುಕಡಿಮೆ ಒಂದು ಮನೆ ಮೇಲೇರುತ್ತದೆ. ಕ್ಯಾಸೆಟ್ಟಿನ ಯಂತ್ರವು ನಿಧಾನವಾದರೂ, ಚುರುಕಾದರೂ ಇದೇ ಕಥೆ. ಯಂತ್ರವು ಅಳೆಯುವುದು ಉಳಿದಿರುವ ನಾದವನ್ನು. ಅಂದು ಗಾಯಕನು ಹಿಡಿದಿದ್ದ ಶ್ರುತಿ ಯಾವುದೆಂದು ತಿಳಿಯಲು ಸಾಕ್ಷಿ ಬೇಕು. ಆ ಸಾಕ್ಷಿ ನಮ್ಮ ಹಿರಿಯರ ನೆನಪಿನಲ್ಲಿದೆ, ಹಳೆಯ ಹಾರ್ಮೋನಿಯಂ ಪೆಟ್ಟಿಗೆಗಳಲ್ಲಿದೆ. ಎರಡೂ ದಿನೇ ದಿನೇ ಕಡಿಮೆಯಾಗುತ್ತಿವೆ.

ಆದುದರಿಂದ ನಿಮ್ಮ ಮನೆಗಳಲ್ಲಿ ಭಜನೆಯ, ಬಯಲಾಟದ, ಸೋಬಾನೆಯ ಕ್ಯಾಸೆಟ್ಟುಗಳಿದ್ದರೆ ಅವನ್ನು ಗಣಕಯಂತ್ರಕ್ಕೆ ಇಳಿಸುವಾಗ ಹಾಡಿದವರು ಯಾರು, ಯಾವ ವರ್ಷ, ಯಾವ ಮನೆಯ ಶ್ರುತಿ ಎಂದು ಹಿರಿಯರನ್ನು ಕೇಳಿ ಬರೆದಿಡಿರಿ. ತಂತ್ರಾಂಶದ ಉತ್ತರವನ್ನೂ ಪಕ್ಕದಲ್ಲಿ ಬರೆಯಿರಿ. ಎರಡೂ ಕೂಡಿದರೆ ಸಂತೋಷ. ಕೂಡದಿದ್ದರೆ ಮೊದಲು ಕ್ಯಾಸೆಟ್ಟಿನ ವೇಗವನ್ನು ನೋಡಿರಿ, ಆಮೇಲೆ ರಾಗವನ್ನು ವಿಚಾರಿಸಿರಿ.