ಜಾವಾ ಮೋಟಾರ್‌ಸೈಕಲ್: ಇಗ್ನಿಷನ್ ದೋಷ

ಮೈಸೂರಿನಲ್ಲಿ ತಯಾರಾದ ಹಳೆಯ ಜಾವಾ 250 ಮೋಟಾರ್‌ಸೈಕಲ್‌ಗಳಲ್ಲಿ ಆಗಾಗ ಕಾಣಿಸಿಕೊಂಡು ತಾನಾಗಿ ಮರೆಯಾಗುವ, ಎಂಜಿನ್ ಸ್ಟಾರ್ಟ್ ಆಗದಂತೆ ಮಾಡುವ ವಿದ್ಯುತ್ ದೋಷ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಜೆಕೊಸ್ಲೊವಾಕಿಯದ ಪರವಾನಗಿಯಡಿ 1961ರಿಂದ ಈ ಟು-ಸ್ಟ್ರೋಕ್ ವಾಹನಗಳನ್ನು ತಯಾರಿಸಿತು. 1973ರಿಂದ ಯೆಜ್ಡಿ ಹೆಸರು ಬಳಕೆಗೆ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ವ್ಯವಸ್ಥೆ: 6 ವೋಲ್ಟ್ ಬ್ಯಾಟರಿ, ಡೈನಮೊ, ರೆಗ್ಯುಲೇಟರ್, ಕಾಯಿಲ್, ಪಾಯಿಂಟ್, ಕಂಡೆನ್ಸರ್. ಅಷ್ಟೇ ಶಕ್ತಿಗೆ 12 ವೋಲ್ಟ್ ವ್ಯವಸ್ಥೆಗಿಂತ ಇಮ್ಮಡಿ ಕರೆಂಟ್ ಹರಿಯುವುದರಿಂದ ತುಕ್ಕು ಹಿಡಿದ ಕನೆಕ್ಷನ್‌ನ ಅಲ್ಪ ರೋಧವೂ ಕಿಡಿಯನ್ನು ಕುಗ್ಗಿಸುತ್ತದೆ.

ಕಾರಣಗಳು: ಸಡಿಲ ಅರ್ತ್, ಸವೆದ ಇಗ್ನಿಷನ್ ಸ್ವಿಚ್, ಒಳಗೆ ತುಂಡಾದ ವೈರ್, ಸುಟ್ಟ ಪಾಯಿಂಟ್, ಸವೆದ ಡೈನಮೊ ಬ್ರಷ್. ಎಂಜಿನ್ ಬಿಸಿಯಾದಾಗ ನಿಂತು ತಣಿದ ಮೇಲೆ ಸ್ಟಾರ್ಟ್ ಆದರೆ ಕಾಯಿಲ್ ಅಥವಾ ಕಂಡೆನ್ಸರ್ ಮೇಲೆ ಶಂಕೆ.

ಪತ್ತೆ ಕ್ರಮ: ಬ್ಯಾಟರಿಯಿಂದ ಆರಂಭಿಸಿ ಸ್ವಿಚ್, ಕಾಯಿಲ್, ಪಾಯಿಂಟ್‌ವರೆಗೆ ಮೀಟರ್‌ನಲ್ಲಿ ವೋಲ್ಟೇಜ್ ಅಳೆಯುವುದು; ಅಳೆಯುವಾಗಲೇ ವೈರುಗಳನ್ನು ಅಲುಗಾಡಿಸುವುದು; ಕೊನೆಗೆ ಪ್ಲಗ್‌ನ ಕಿಡಿ ನೋಡುವುದು. ದೋಷ ಇರುವ ವೇಳೆ ನಡೆಸಿದ ಪರೀಕ್ಷೆ ಮಾತ್ರ ನಿರ್ಣಾಯಕ.

ಮಹತ್ವ: ಈ ಕ್ರಮ ಅನಗತ್ಯ ಬಿಡಿಭಾಗ ಬದಲಾವಣೆಯನ್ನು ತಪ್ಪಿಸುತ್ತದೆ. ಪಾಯಿಂಟ್ ಇಗ್ನಿಷನ್ ಇರುವ ಹಳೆಯ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಿಗೂ ಇದು ಅನ್ವಯಿಸುತ್ತದೆ. ಅವುಗಳಲ್ಲಿ ಸ್ಟಾರ್ಟರ್ ಮೋಟಾರ್‌ನ ಸರ್ಕ್ಯೂಟನ್ನೂ ಪರೀಕ್ಷಿಸಬೇಕಾಗುತ್ತದೆ.