ಮಾತ್ರೆ ದಾಟಿದ ಗಡಿಗಳು: ಐರೋಪ್ಯ ಒಕ್ಕೂಟದ ವಿಸ್ತರಣೆ ಮತ್ತು ಔಷಧದ ಬೆಲೆ

1957ರ ರೋಮ್ ಒಪ್ಪಂದದಿಂದ ಹುಟ್ಟಿದ ಐರೋಪ್ಯ ಆರ್ಥಿಕ ಸಮುದಾಯವು, ಸದಸ್ಯ ದೇಶಗಳ ನಡುವೆ ಸರಕುಗಳು ಸುಂಕವಿಲ್ಲದೆ, ತಡೆಯಿಲ್ಲದೆ ಓಡಾಡಬೇಕೆಂಬುದನ್ನು ತನ್ನ ಮೂಲತತ್ವವನ್ನಾಗಿ ಇರಿಸಿಕೊಂಡಿತು; ಆದರೆ ಔಷಧದ ಬೆಲೆಯನ್ನು ಯಾರು ಕಟ್ಟಬೇಕೆಂಬ ಪ್ರಶ್ನೆಯನ್ನು ಆಯಾ ದೇಶಗಳಿಗೇ ಬಿಟ್ಟುಕೊಟ್ಟಿತು. ಯುರೋಪಿನಲ್ಲಿ ಔಷಧದ ಖರ್ಚಿನ ಬಹುಪಾಲನ್ನು ರೋಗಿಯ ಬದಲು ಸರ್ಕಾರ ಅಥವಾ ಆರೋಗ್ಯ ವಿಮಾ ನಿಧಿ ಭರಿಸುತ್ತದೆಯಾದ್ದರಿಂದ, ಬೆಲೆಯೆಂಬುದು ಅಲ್ಲಿ ಬಜೆಟ್ಟಿನ ವಿಷಯ. ಬಜೆಟ್ಟನ್ನು ಯಾವ ದೇಶವೂ ಪರರ ಕೈಗೆ ಕೊಡಲು ಒಪ್ಪಲಿಲ್ಲ. ಫ್ರಾನ್ಸ್ ಮತ್ತು ಇಟಲಿಯ ಸರ್ಕಾರಗಳು ಪ್ರತಿ ಔಷಧಕ್ಕೂ ದರ ಗೊತ್ತುಮಾಡುತ್ತಿದ್ದವು, ಬ್ರಿಟನ್ 1957ರಿಂದ ಕಂಪನಿಗಳೊಡನೆ ಸ್ವಯಂಪ್ರೇರಿತ ಒಡಂಬಡಿಕೆಯೊಂದನ್ನು ನಡೆಸಿಕೊಂಡು ಬಂದಿತ್ತು, ಪಶ್ಚಿಮ ಜರ್ಮನಿಯಲ್ಲಿ 1989ರವರೆಗೂ ತಯಾರಕರ ಕೈ ಹೆಚ್ಚುಕಡಿಮೆ ಬಿಚ್ಚಿಯೇ ಇತ್ತು. ಹೀಗೆ ಒಂದೇ ಕಾರ್ಖಾನೆಯಲ್ಲಿ ತಯಾರಾದ ಒಂದೇ ಮಾತ್ರೆಗೆ ದೇಶಕ್ಕೊಂದು ಬೆಲೆ ಬಂದಿತು. ಮುಂದೆ ಒಕ್ಕೂಟವಾಗಿ ಬೆಳೆದ ಈ ಸಮುದಾಯಕ್ಕೆ ಅಗ್ಗದ ಬೆಲೆಯ ಹೊಸ ದೇಶಗಳು ಸೇರಿದಾಗಲೆಲ್ಲ ಈ ಅಂತರ ಹಿಗ್ಗಿತು. ಅದನ್ನು ನಿಭಾಯಿಸಲು ಸೇರ್ಪಡೆ ಒಪ್ಪಂದಗಳ ಅನುಬಂಧಗಳಲ್ಲಿ ಹುದುಗಿಸಿಟ್ಟ ಕಲಮುಗಳಲ್ಲಿಯೇ ಈ ಇತಿಹಾಸದ ಬಹುಭಾಗ ಅಡಗಿದೆ.

ಬೆಲೆಯ ಅಂತರವಿರುವಲ್ಲಿ ವ್ಯಾಪಾರಿ ಬಾರದೆ ಇರುವುದಿಲ್ಲ. ಅಗ್ಗದ ದೇಶದ ಸಗಟು ಮಾರಾಟಗಾರನಿಂದ ಅಸಲಿ ಔಷಧವನ್ನೇ ಕೊಂಡು, ದುಬಾರಿ ದೇಶಕ್ಕೆ ಸಾಗಿಸಿ, ಅಲ್ಲಿನ ಭಾಷೆಯ ಚೀಟಿ ಅಂಟಿಸಿ, ತಯಾರಕನ ಅಧಿಕೃತ ಮಾರಾಟಜಾಲಕ್ಕೆ ಪಕ್ಕದಲ್ಲೇ ಮಾರುವ ಈ ಕಸುಬಿಗೆ ಸಮಾನಾಂತರ ಆಮದು ಎಂಬ ಹೆಸರು ನಿಂತಿತು. ನೆದರ್ಲೆಂಡ್ಸಿನ ಸೆಂಟ್ರಾಫಾರ್ಮ್ ಕಂಪನಿಯು ಮೂತ್ರನಾಳದ ಸೋಂಕಿಗೆ ಕೊಡುವ ನೆಗ್ರಾಮ್ ಎಂಬ ಔಷಧವನ್ನು ಬ್ರಿಟನ್ನಿನಿಂದ ಹೀಗೆ ತಂದಾಗ, ಪೇಟೆಂಟ್ ಹೊಂದಿದ್ದ ಸ್ಟರ್ಲಿಂಗ್ ಡ್ರಗ್ ಅದನ್ನು ತಡೆಯಲು ಹೊರಟಿತು. 1974ರ ಅಕ್ಟೋಬರ್ 31ರಂದು ಲಕ್ಸೆಂಬರ್ಗಿನ ಐರೋಪ್ಯ ನ್ಯಾಯಾಲಯವು, ಪೇಟೆಂಟ್‌ದಾರನು ತಾನಾಗಿ ಅಥವಾ ತನ್ನ ಒಪ್ಪಿಗೆಯಿಂದ ಸಮುದಾಯದ ಯಾವುದೇ ದೇಶದಲ್ಲಿ ಮಾರುಕಟ್ಟೆಗೆ ಬಿಟ್ಟ ಸರಕಿನ ಮೇಲೆ ಅವನ ತಡೆಯುವ ಹಕ್ಕು ಅಲ್ಲಿಗೆ ಮುಗಿಯಿತೆಂದೂ, ಸರ್ಕಾರಗಳ ಬೆಲೆ ನಿಯಂತ್ರಣದಿಂದ ಅಂತರ ಹುಟ್ಟಿದೆಯೆಂಬ ನೆಪ ಇದನ್ನು ಬದಲಿಸದೆಂದೂ ತೀರ್ಮಾನಿಸಿತು. ಹಕ್ಕಿನ ತೀರುವಿಕೆ ಎಂದು ಕರೆಯಲಾಗುವ ಈ ಸೂತ್ರವು ಕಾನೂನಿನ ದೃಷ್ಟಿಯಿಂದ ಚೊಕ್ಕವಾದದ್ದು, ಆದರೆ ಎಲ್ಲ ದೇಶಗಳಲ್ಲೂ ಪೇಟೆಂಟ್ ಇದೆಯೆಂಬ ಊಹೆಯ ಮೇಲೆ ಅದು ನಿಂತಿತ್ತು.

ಇಟಲಿಯಲ್ಲಿ ಆ ಊಹೆ ಸುಳ್ಳಾಗಿತ್ತು. ಔಷಧಗಳಿಗೆ ಪೇಟೆಂಟ್ ಕೊಡುವುದನ್ನೇ ಅಲ್ಲಿನ ಕಾನೂನು ನಿಷೇಧಿಸಿತ್ತು. ಆ ನಿಷೇಧವನ್ನು ಅಲ್ಲಿನ ಸಂವಿಧಾನ ನ್ಯಾಯಾಲಯ ತೆಗೆದುಹಾಕಿದ್ದು 1978ರಲ್ಲಿ. ರಕ್ತದೊತ್ತಡಕ್ಕೆ ಬಳಸುವ ಮೊಡ್ಯುರೆಟಿಕ್ ಎಂಬ ಮೆರ್ಕ್ ಕಂಪನಿಯ ಔಷಧವನ್ನು ಸ್ಟೆಫಾರ್ ಎಂಬ ವ್ಯಾಪಾರಸಂಸ್ಥೆ ಇಟಲಿಯಿಂದ ನೆದರ್ಲೆಂಡ್ಸಿಗೆ ತಂದಾಗ, ಇಟಲಿಯಲ್ಲಿ ತನಗೆ ಏಕಸ್ವಾಮ್ಯದ ಲಾಭವೇ ಸಿಕ್ಕಿರಲಿಲ್ಲ, ಸಿಗದ ಹಕ್ಕು ತೀರುವುದಾದರೂ ಹೇಗೆ ಎಂದು ಮೆರ್ಕ್ ವಾದಿಸಿತು. 1981ರ ತೀರ್ಪು ಆ ವಾದವನ್ನು ಒಪ್ಪಲಿಲ್ಲ: ಪೇಟೆಂಟ್ ಇಲ್ಲದ ದೇಶದಲ್ಲಿ ಮಾರಲು ಆಯ್ಕೆ ಮಾಡಿಕೊಂಡವನು ಅದರ ಫಲವನ್ನೂ ಉಣ್ಣಬೇಕು ಎಂಬುದೇ ಅದರ ತಾತ್ಪರ್ಯ. ಆಗ ಇದು ಒಂದು ದೇಶದ ಹಳೆಯ ಕಾನೂನಿನಿಂದ ಎದ್ದ ಅಪವಾದವೆಂಬಂತೆ ತೋರಿರಬಹುದು. ಐದು ವರ್ಷ ಕಳೆಯುವಷ್ಟರಲ್ಲಿ ಅದು ಅಪವಾದವಾಗಿ ಉಳಿಯಲಿಲ್ಲ.

1986ರ ಜನವರಿ 1ರಂದು ಸ್ಪೇನ್ ಮತ್ತು ಪೋರ್ಚುಗಲ್ ಸಮುದಾಯವನ್ನು ಸೇರಿದವು. ಸ್ಪೇನಿನಲ್ಲಿ ಔಷಧ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಸಿಗುತ್ತಿತ್ತೇ ಹೊರತು ಔಷಧಕ್ಕಲ್ಲ. ವಿಧಾನದ ಪೇಟೆಂಟ್ ಇರುವಲ್ಲಿ ಬೇರೊಬ್ಬ ರಸಾಯನಶಾಸ್ತ್ರಜ್ಞ ಬೇರೊಂದು ದಾರಿಯಿಂದ ಅದೇ ವಸ್ತುವನ್ನು ತಯಾರಿಸಬಹುದು. ವಸ್ತುವಿಗೇ ಪೇಟೆಂಟ್ ಇರುವಲ್ಲಿ ಯಾವ ದಾರಿಯೂ ತೆರೆದಿರುವುದಿಲ್ಲ. ಭಾರತದ ಓದುಗರಿಗೆ ಈ ಭೇದ ಹೊಸದಲ್ಲ, 1970ರ ಭಾರತೀಯ ಪೇಟೆಂಟ್ ಕಾಯಿದೆ ಮಾಡಿದ್ದೂ ಇದನ್ನೇ, ಇಲ್ಲಿನ ಜೆನೆರಿಕ್ ಉದ್ಯಮ ಬೆಳೆದದ್ದೂ ಅದರ ಆಶ್ರಯದಲ್ಲಿಯೇ. ಸ್ಪೇನಿನ ಸರ್ಕಾರ ಗೊತ್ತುಮಾಡಿದ ಬೆಲೆಗಳು ಉತ್ತರದ ದೇಶಗಳಿಗಿಂತ ಬಹಳ ಕಡಿಮೆಯಿದ್ದುದರಿಂದ, ಹೊಸ ಸದಸ್ಯನ ಗೋದಾಮುಗಳಿಂದ ಔಷಧ ಉತ್ತರಕ್ಕೆ ಹರಿದೀತೆಂಬ ಆತಂಕ ಕಂಪನಿಗಳನ್ನು ಕಾಡಿತು. ಸೇರ್ಪಡೆ ಒಪ್ಪಂದದ 47ನೆಯ ಕಲಮು ಸ್ಪೇನಿಗೂ 209ನೆಯ ಕಲಮು ಪೋರ್ಚುಗಲ್ಲಿಗೂ ಅನ್ವಯಿಸುವಂತೆ ಒಂದು ತಾತ್ಕಾಲಿಕ ಕಟ್ಟೆಯನ್ನು ಕಟ್ಟಿದ್ದು ಇದಕ್ಕಾಗಿ: ಆ ದೇಶಗಳಲ್ಲಿ ಔಷಧಕ್ಕೆ ಪೇಟೆಂಟ್ ದೊರೆಯದಿದ್ದ ಕಾಲದಲ್ಲಿ ಬೇರೆ ಸದಸ್ಯ ದೇಶದಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದವನು ಅಲ್ಲಿಂದ ಬರುವ ಸರಕನ್ನು ತಡೆಯಬಹುದಾಗಿತ್ತು, ಆದರೆ ಅಲ್ಲಿ ಔಷಧದ ಪೇಟೆಂಟ್ ಜಾರಿಗೆ ಬಂದು ಮೂರು ವರ್ಷ ತುಂಬುವವರೆಗೆ ಮಾತ್ರ. ಸ್ಪೇನ್ ಅಂಥ ಪೇಟೆಂಟನ್ನು 1992ರ ಅಕ್ಟೋಬರಿನಲ್ಲಿ ಜಾರಿಗೊಳಿಸಿತು. 1995ರ ಅಕ್ಟೋಬರಿನಲ್ಲಿ ಕಟ್ಟೆ ಒಡೆಯಿತು. ಕೂಡಲೇ ಪ್ರೈಮ್‌ಕ್ರೌನ್ ಎಂಬ ಆಮದುದಾರ ಸಂಸ್ಥೆ ಬ್ರಿಟನ್ನಿಗೆ ಔಷಧ ತರತೊಡಗಿತು. ಮೆರ್ಕ್ ಮತ್ತೆ ನ್ಯಾಯಾಲಯದ ಮೆಟ್ಟಿಲೇರಿ 1981ರ ತೀರ್ಪನ್ನು ಕೈಬಿಡಬೇಕೆಂದು ಕೇಳಿತು. ನ್ಯಾಯಾಲಯಕ್ಕೆ ಸಲಹೆ ನೀಡುವ ಅಡ್ವೊಕೇಟ್ ಜನರಲ್ ಫೆನೆಲ್ಲಿಯವರ ಅಭಿಪ್ರಾಯ ಮೆರ್ಕ್‌ನ ಪರವಾಗಿಯೇ ಇದ್ದರೂ, 1996ರ ಡಿಸೆಂಬರ್ 5ರಂದು ನ್ಯಾಯಾಲಯ ತನ್ನ ಹಳೆಯ ನಿಲುವಿಗೇ ಅಂಟಿಕೊಂಡಿತು.

ಇಷ್ಟರಲ್ಲಿ ಕಂಪನಿಗಳು ನ್ಯಾಯಾಲಯವನ್ನು ಬಿಟ್ಟು ಗೋದಾಮಿನ ಬಾಗಿಲಲ್ಲಿಯೇ ಹರಿವನ್ನು ತಡೆಯುವ ಉಪಾಯವನ್ನು ಕಂಡುಕೊಂಡಿದ್ದವು. ಬಾಯರ್ ಕಂಪನಿಯ ಹೃದ್ರೋಗದ ಔಷಧ ಅಡಾಲಾಟಿನ ಬೆಲೆ 1989ರಿಂದ 1993ರವರೆಗೆ ಸ್ಪೇನ್ ಮತ್ತು ಫ್ರಾನ್ಸಿನಲ್ಲಿ ಬ್ರಿಟನ್ನಿಗಿಂತ ಸರಾಸರಿ ಶೇ. 40ರಷ್ಟು ಕಡಿಮೆಯಿತ್ತು, ಬ್ರಿಟನ್ನಿನಲ್ಲಿ ಬಾಯರ್‌ನ ಮಾರಾಟ ಆ ಅವಧಿಯಲ್ಲಿ ಅರ್ಧಕ್ಕೆ ಕುಸಿಯುತ್ತ ಬಂದಿತು. ಸ್ಪೇನ್ ಮತ್ತು ಫ್ರಾನ್ಸಿನ ಸಗಟು ವ್ಯಾಪಾರಿಗಳಿಗೆ ಅವರ ದೇಶಕ್ಕೆ ಬೇಕಾದಷ್ಟನ್ನು ಮಾತ್ರ ಬಾಯರ್ ಕಳಿಸತೊಡಗಿತು. ಇದು ಕಾನೂನುಬಾಹಿರ ಒಪ್ಪಂದವೆಂದು ಐರೋಪ್ಯ ಆಯೋಗ ದಂಡ ವಿಧಿಸಿದರೂ, ವ್ಯಾಪಾರಿಗಳು ಒಪ್ಪದೆ ತಪ್ಪಿಸಿಕೊಳ್ಳಲು ಯತ್ನಿಸುತ್ತಿದ್ದಾಗ ಅದನ್ನು ಒಪ್ಪಂದವೆನ್ನಲಾಗದೆಂದು 2004ರ ಜನವರಿಯಲ್ಲಿ ಅಂತಿಮ ತೀರ್ಪು ಬಂದಿತು. 1981ರಲ್ಲಿ ಸೇರಿದ್ದ ಗ್ರೀಸಿನಲ್ಲಿಯೂ ಗ್ಲಾಕ್ಸೊ ಸ್ಮಿತ್‌ಕ್ಲೈನ್ ಇದೇ ಹಾದಿ ಹಿಡಿಯಿತು. ಮಾರುಕಟ್ಟೆಯಲ್ಲಿ ಪ್ರಾಬಲ್ಯವಿರುವ ಕಂಪನಿ ಸಾಮಾನ್ಯ ಪ್ರಮಾಣದ ಬೇಡಿಕೆಯನ್ನು ನಿರಾಕರಿಸಬಾರದು, ಅಸಾಮಾನ್ಯ ಪ್ರಮಾಣದ್ದನ್ನು ನಿರಾಕರಿಸಬಹುದು ಎಂದು 2008ರಲ್ಲಿ ನ್ಯಾಯಾಲಯ ಹೇಳಿತು. ಸಾಮಾನ್ಯವೆಂದರೆ ಎಷ್ಟು ಎಂಬುದನ್ನು ಅಳೆಯುವ ಕೆಲಸ ಕೆಳಗಿನ ನ್ಯಾಯಾಲಯಗಳ ಪಾಲಿಗೆ ಉಳಿಯಿತು.

2004ರ ಮೇ 1ರಂದು ಹತ್ತು ದೇಶಗಳು ಒಮ್ಮೆಗೇ ಒಳಬಂದಾಗ ಎದುರಾದ ಸಮಸ್ಯೆ ಹಳೆಯದೇ ಆದರೂ ಗಾತ್ರ ಬೇರೆಯಾಗಿತ್ತು. ಹಿಂದಿನ ಸಮಾಜವಾದಿ ದೇಶಗಳು ಔಷಧೋದ್ಯಮದಲ್ಲಿ ಬರಿಗೈಯವೇನಲ್ಲ: ಬುಡಾಪೆಸ್ಟಿನ ಗೆಡಿಯೋನ್ ರಿಕ್ಟರ್ 1901ರಿಂದ ಇದ್ದದ್ದು, ಸ್ಲೊವೇನಿಯಾದ ಲೆಕ್ ಮತ್ತು ಕರ್ಕಾ ಕಂಪನಿಗಳು ಪಾಶ್ಚಾತ್ಯ ಔಷಧಗಳ ಸಮರ್ಥ ಪ್ರತಿರೂಪಗಳನ್ನು ಪೂರ್ವ ಯುರೋಪಿಗೆಲ್ಲ ಒದಗಿಸಿದವು, ಝಾಗ್ರೆಬಿನ ಪ್ಲೀವಾ 1980ರಲ್ಲಿ ಅಜಿತ್ರೊಮೈಸಿನ್ ಎಂಬ ಪ್ರತಿಜೀವಕವನ್ನೇ ಕಂಡುಹಿಡಿದಿತ್ತು. ಔಷಧದ ಪೇಟೆಂಟ್ ಮಾತ್ರ ಚೆಕೊಸ್ಲೊವಾಕಿಯಾಕ್ಕೆ 1991ರಲ್ಲಿ, ಪೋಲೆಂಡಿಗೆ 1993ರಲ್ಲಿ, ಹಂಗೇರಿಗೆ 1994ರಲ್ಲಿ ಬಂದಿತು. ಸ್ಪೇನಿನ ಮೂರು ವರ್ಷದ ಸೂತ್ರವನ್ನು ಇಲ್ಲಿ ಹಾಗೆಯೇ ಅನ್ವಯಿಸಿದ್ದರೆ ಸೇರ್ಪಡೆಗೆ ಮುಂಚೆಯೇ ಗಡುವು ಮುಗಿದಿರುತ್ತಿತ್ತು. ಪ್ರೈಮ್‌ಕ್ರೌನ್ ತೀರ್ಪಿನ ಪಾಠ ಕಲಿತಿದ್ದ ಉದ್ಯಮದ ಒತ್ತಾಯಕ್ಕೆ ಒಪ್ಪಂದ ಕರಡು ಮಾಡಿದವರು ಮಣಿದರೆಂದೇ ಹೇಳಬೇಕು. ನಿರ್ದಿಷ್ಟ ವ್ಯವಸ್ಥೆ ಎಂಬ ನೀರಸ ಹೆಸರಿನ ಹೊಸ ಕಲಮು, ಗಡುವಿನ ಬದಲಿಗೆ ಪೇಟೆಂಟಿನ ಮತ್ತು ಅದರ ಅವಧಿಯನ್ನು ವಿಸ್ತರಿಸುವ ಪೂರಕ ರಕ್ಷಣಾ ಪ್ರಮಾಣಪತ್ರದ ಆಯುಷ್ಯವಿರುವವರೆಗೂ ಆಮದನ್ನು ತಡೆಯುವ ಹಕ್ಕನ್ನು ಕೊಟ್ಟಿತು. ಆಮದುದಾರನು ಪೇಟೆಂಟ್‌ದಾರನಿಗೆ ಒಂದು ತಿಂಗಳು ಮುಂಚಿತವಾಗಿ ತಿಳುವಳಿಕೆ ಪತ್ರ ಕೊಟ್ಟಿರುವುದನ್ನು ರುಜುವಾತುಪಡಿಸಬೇಕಾಯಿತು. ಈ ಕಲಮು ಸೈಪ್ರಸ್ ಮತ್ತು ಮಾಲ್ಟಾಗಳನ್ನು ಬಿಟ್ಟು ಉಳಿದ ಎಂಟು ದೇಶಗಳಿಗೆ ಅನ್ವಯಿಸಿತು. ಬಲ್ಗೇರಿಯಾ ಮತ್ತು ರುಮೇನಿಯಾ 2007ರಲ್ಲಿ, ಕ್ರೊಯೇಷಿಯಾ 2013ರಲ್ಲಿ ಸೇರಿದಾಗಲೂ ಅದು ಜೊತೆಗೆ ಬಂದಿತು. ಹತ್ತು ದೇಶಗಳು ಸೇರಿದ ಎಂಟು ತಿಂಗಳಿಗೆ, 2005ರ ಜನವರಿ 1ರಿಂದ, ವಿಶ್ವ ವ್ಯಾಪಾರ ಸಂಸ್ಥೆಯ ಕರಾರಿಗೆ ಬದ್ಧವಾಗಿ ಭಾರತವೂ ಔಷಧದ ಪೇಟೆಂಟಿಗೆ ಮರಳಿತು.

ಆಮದುದಾರನು ಒಂದು ತಿಂಗಳು ಮುಂಚಿತವಾಗಿ ಕೊಡಬೇಕಾದ ಆ ತಿಳುವಳಿಕೆ ಪತ್ರದ ಸುತ್ತಲೇ ಒಂದು ಮೊಕದ್ದಮೆ ಬೆಳೆಯಿತು. ಉಬ್ಬಸಕ್ಕೆ ಕೊಡುವ ಸಿಂಗ್ಯುಲೇರ್ ಮಾತ್ರೆಯನ್ನು ಪೋಲೆಂಡಿನಿಂದ ಬ್ರಿಟನ್ನಿಗೆ ತರುವುದಾಗಿ 2009ರಲ್ಲಿ ಸಿಗ್ಮಾ ಎಂಬ ಆಮದುದಾರರ ಕಡೆಯಿಂದ ಪತ್ರ ಹೋದರೂ, ಮೆರ್ಕ್ ಆಕ್ಷೇಪ ಎತ್ತಿದ್ದು 2010ರ ಕೊನೆಗೆ, ಸರಕು ಅಂಗಡಿ ಸೇರಿದ ಮೇಲೆ. ಸುಮ್ಮನಿದ್ದ ಮಾತ್ರಕ್ಕೆ ತಡೆಯುವ ಹಕ್ಕು ಕಳೆದುಹೋಗದು, ಆದರೆ ಕಾಲಕ್ಕೆ ಸರಿಯಾಗಿ ಉತ್ತರಿಸದವನು ತಾನು ಆಕ್ಷೇಪ ಎತ್ತುವ ಮುಂಚೆ ಬಂದ ಸರಕಿನ ಮೇಲೆ ದೂರಲಾರ ಎಂದು 2015ರ ಫೆಬ್ರುವರಿಯಲ್ಲಿ ನ್ಯಾಯಾಲಯ ಬಗೆಹರಿಸಿತು.

ಕಟ್ಟೆಯ ಮೇಲೆ ಇಷ್ಟು ಕಾವಲು ನಡೆಯುತ್ತಿರುವಾಗ, ಕಾಗದದ ಮೇಲಿನ ಅಂಕಿಗಳು ಬೇರೊಂದು ದಾರಿಯಲ್ಲಿ ಗಡಿ ದಾಟಿದವು. 1988ರ ಡಿಸೆಂಬರಿನಲ್ಲಿ ಹೊರಟ ಪಾರದರ್ಶಕತಾ ನಿರ್ದೇಶನವು ಬೆಲೆ ಎಷ್ಟಿರಬೇಕೆಂದು ಹೇಳದೆ, ಬೆಲೆಯ ಅರ್ಜಿಯನ್ನು 90 ದಿನಗಳಲ್ಲಿ ಕಾರಣಸಹಿತ ತೀರ್ಮಾನಿಸಬೇಕೆಂದು ಮಾತ್ರ ಕಟ್ಟುಪಾಡು ವಿಧಿಸಿತ್ತು. ಕಾರಣ ಕೊಡಬೇಕಾದ ಅಧಿಕಾರಿಗೆ ನೆರೆಯ ದೇಶದ ಬೆಲೆಗಿಂತ ಸುಲಭವಾದ ಆಧಾರ ಸಿಗುವುದು ಕಷ್ಟ. ಅನ್ಯದೇಶಗಳ ದರಗಳನ್ನು ಕಲೆಹಾಕಿ ಅವುಗಳ ಸರಾಸರಿಯನ್ನೋ ಅತಿ ಕಡಿಮೆಯದನ್ನೋ ಮಿತಿಯಾಗಿಡುವ ಉಲ್ಲೇಖ ಬೆಲೆ ಪದ್ಧತಿ ಒಕ್ಕೂಟದ ಹೆಚ್ಚಿನ ದೇಶಗಳಿಗೆ ಹರಡಿತು. ಬಡ ದೇಶವೊಂದರಲ್ಲಿ ಇಳಿಸಿದ ಬೆಲೆ ಶ್ರೀಮಂತ ದೇಶದ ಪಟ್ಟಿಯಲ್ಲೂ ಪ್ರತಿಧ್ವನಿಸುವಂತಾದಾಗ, ಕಂಪನಿಗಳು ಹೊಸ ಔಷಧವನ್ನು ಮೊದಲು ಜರ್ಮನಿಯಲ್ಲಿ ಬಿಟ್ಟು ರುಮೇನಿಯಾಕ್ಕೆ ತಡವಾಗಿ ಒಯ್ಯತೊಡಗಿದವು. ಪಟ್ಟಿಯ ಬೆಲೆಯನ್ನು ಎಲ್ಲೆಡೆ ಎತ್ತರದಲ್ಲಿಟ್ಟು ಗುಟ್ಟಿನ ರಿಯಾಯಿತಿ ಕೊಡುವ ವಾಡಿಕೆಯೂ ಬೇರೂರಿತು. ಪಾರದರ್ಶಕತೆಯ ಹೆಸರಿನ ನಿರ್ದೇಶನದ ಅಡಿಯಲ್ಲಿಯೇ ನಿಜವಾದ ಬೆಲೆ ಹೀಗೆ ತೆರೆಮರೆಗೆ ಸರಿಯಿತು.

ಪೇಟೆಂಟ್ ಮುಗಿದ ಅಥವಾ ಪೂರ್ವ ಯುರೋಪಿನಲ್ಲೂ ಪೇಟೆಂಟ್ ಪಡೆದಿದ್ದ ಔಷಧಗಳಿಗೆ ನಿರ್ದಿಷ್ಟ ವ್ಯವಸ್ಥೆಯ ತಡೆ ಇರಲಿಲ್ಲ. ಅವು ಪಶ್ಚಿಮಕ್ಕೆ ಹರಿದೇ ಹರಿದವು. 2012ರಿಂದ ಪೋಲೆಂಡಿನಲ್ಲಿ ಸರ್ಕಾರ ಹಣ ಮರುಪಾವತಿಸುವ ಔಷಧಗಳ ಬೆಲೆಯೂ ಲಾಭಾಂಶವೂ ಕಾನೂನಿನಿಂದ ನಿಗದಿಯಾದ ಮೇಲೆ, ಔಷಧದ ಅಂಗಡಿಗಳೇ ರೋಗಿಗೆ ಮಾರಬೇಕಾದ ದಾಸ್ತಾನನ್ನು ಸಗಟು ವ್ಯಾಪಾರಿಗೆ ಕಳ್ಳತನದಿಂದ ಹಿಂದಕ್ಕೆ ಮಾರಿ ರಫ್ತಿಗೆ ಸಾಗಿಸುವ ದಂಧೆ ಬೆಳೆಯಿತು. ತಿರುಗಿಸಿದ ವಿತರಣಾ ಸರಪಳಿ ಎಂದೇ ಅಲ್ಲಿ ಅದಕ್ಕೆ ಹೆಸರು. ಒಂದು ಕಾಲಕ್ಕೆ ಕಂಪನಿಗಳು ಕಟ್ಟಲು ಹೊರಟಿದ್ದ ಕಟ್ಟೆಯನ್ನು ಈಗ ಅಗ್ಗದ ದೇಶದ ಸರ್ಕಾರಗಳೇ ಕಟ್ಟಬೇಕಾಯಿತು. ಪೋಲೆಂಡ್, ರುಮೇನಿಯಾ ಮತ್ತು ಸ್ಲೊವಾಕಿಯಾಗಳ ರಫ್ತು ನಿರ್ಬಂಧಗಳ ವಿರುದ್ಧ ಆರಂಭಿಸಿದ್ದ ಕ್ರಮಗಳನ್ನು 2018ರ ಮೇ ತಿಂಗಳಲ್ಲಿ ಆಯೋಗ ಕೈಬಿಟ್ಟಿತು. ಪೋಲೆಂಡಿನಲ್ಲಿ 2015ರಿಂದ ಕೊರತೆಯ ಭೀತಿಯಿರುವ ಔಷಧಗಳ ಪಟ್ಟಿಯೊಂದನ್ನು ಆರೋಗ್ಯ ಸಚಿವರು ಕನಿಷ್ಠ ಎರಡು ತಿಂಗಳಿಗೊಮ್ಮೆ ಪ್ರಕಟಿಸುತ್ತಾರೆ. ಅದರಲ್ಲಿರುವ ಔಷಧವನ್ನು ಹೊರದೇಶಕ್ಕೆ ಕಳಿಸುವ ಮೊದಲು ಸಗಟು ವ್ಯಾಪಾರಿಯು ಮುಖ್ಯ ಔಷಧ ಪರೀಕ್ಷಕರಿಗೆ ತಿಳಿಸಬೇಕು, ಅವರು ಬೇಡವೆಂದರೆ ಸರಕು ಹೊರಡುವಂತಿಲ್ಲ. ಇನ್ಸುಲಿನ್ನೂ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಚುಚ್ಚುಮದ್ದುಗಳೂ ಆ ಪಟ್ಟಿಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿವೆ.