ರಣಹದ್ದಿನ ಅಳಿವು: ಆಹಾರ ಸರಪಳಿಯ ಒಂದು ಚಾರಿತ್ರಿಕ ಪರಿಶೀಲನೆ

ಪಂಪ, ರನ್ನರಿಂದ ಕುಮಾರವ್ಯಾಸನವರೆಗಿನ ಕಾವ್ಯಗಳ ಯುದ್ಧವರ್ಣನೆಗಳಲ್ಲಿ ಹದ್ದು, ನರಿ, ಮರುಳುಗಳು ಹೆಣಗಳ ಸುತ್ತ ನೆರೆಯುವ ಚಿತ್ರ ನಮಗೆಲ್ಲ ಪರಿಚಿತವಾದುದೇ. ಬೀಭತ್ಸ ರಸಕ್ಕೆ ಒದಗಿಬರುವ ಕವಿಸಮಯವೆಂದು ಅದನ್ನು ವಿವರಿಸಿ ನಾವು ಮುಂದೆ ಸಾಗುವುದು ವಾಡಿಕೆ. ‘ರಣಹದ್ದು’ ಎಂಬ ಪದವೂ ಆ ಹಕ್ಕಿಯನ್ನು ರಣರಂಗಕ್ಕೇ ಕಟ್ಟಿಹಾಕಿದೆ. ಆದರೆ ಯುದ್ಧ ಎಂದೋ ಒಮ್ಮೆ ನಡೆಯುವಂಥದು. ದನಕರುಗಳ ಸಾವು ನಿತ್ಯದ್ದು. ಈ ಹಕ್ಕಿ ತಲೆಮಾರುಗಳ ಕಾಲ ಬದುಕಿದ್ದು ಊರಾಚೆ ಬಿದ್ದ ದನಗಳ ಕಳೇಬರಗಳಿಂದ. ಆ ನಿತ್ಯದ ಕೆಲಸದ ಬೆಲೆ ವ್ಯಾಪಕವಾಗಿ ಮನವರಿಕೆಯಾದದ್ದು ಹಕ್ಕಿ ಕಣ್ಮರೆಯಾದ ಮೇಲೆ. ಆ ಕಣ್ಮರೆಯ ಚರಿತ್ರೆಯನ್ನು ಇಲ್ಲಿ ಸಂಕ್ಷಿಪ್ತವಾಗಿ ಪರಿಶೀಲಿಸಲಾಗಿದೆ.

ಜೀವಿಗಳ ನಡುವಣ ಆಹಾರ ಸಂಬಂಧವನ್ನು ‘ಆಹಾರ ಸರಪಳಿ’ಯಾಗಿ ವ್ಯವಸ್ಥಿತವಾಗಿ ನಿರೂಪಿಸಿದವನು ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್, 1927ರಲ್ಲಿ. ಜೀವಿಗಳನ್ನೂ ಅವುಗಳ ಮಣ್ಣು, ನೀರು, ಗಾಳಿಗಳನ್ನೂ ಒಂದೇ ವ್ಯವಸ್ಥೆಯೆಂದು ಕಂಡು, ಅದಕ್ಕೆ ‘ಇಕೋಸಿಸ್ಟಂ’ ಎಂಬ ಹೆಸರನ್ನು 1935ರಲ್ಲಿ ಬಳಕೆಗೆ ತಂದವನು ಆರ್ಥರ್ ಟಾನ್ಸ್ಲಿ. ಈ ವ್ಯವಸ್ಥೆಯಲ್ಲಿ ಶಕ್ತಿ ಹೇಗೆ ಹರಿಯುತ್ತದೆ ಎಂಬುದನ್ನು ಅಮೆರಿಕದ ಒಂದು ಪುಟ್ಟ ಸರೋವರದ ಅಧ್ಯಯನದಿಂದ ತೋರಿಸಿದವನು ರೇಮಂಡ್ ಲಿಂಡೆಮನ್. 1942ರಲ್ಲಿ ಆ ಲೇಖನ ಅಚ್ಚಾಗುವ ಮೊದಲೇ ಆತ ತೀರಿಕೊಂಡಿದ್ದ.

ಸೂರ್ಯನ ಬೆಳಕನ್ನು ಗಿಡಮರಗಳು ಆಹಾರವಾಗಿಸುತ್ತವೆ; ಅವನ್ನು ಮೇಯುವ ಪ್ರಾಣಿಗಳಿಗೂ, ಅವುಗಳಿಂದ ಮಾಂಸಾಹಾರಿಗಳಿಗೂ ಶಕ್ತಿ ಸಾಗುತ್ತದೆ. ಪ್ರತಿ ಮೆಟ್ಟಿಲಿನಲ್ಲಿಯೂ ಬಹುಪಾಲು ಶಕ್ತಿ ಬದುಕಿನ ಖರ್ಚಿಗೆ ಸಂದು ಶಾಖವಾಗಿ ಕಳೆದುಹೋಗುತ್ತದೆ. ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಮೇಲೇರುತ್ತದೆ. ಕಾಡಿನಲ್ಲಿ ಜಿಂಕೆಗಳು ಹೆಚ್ಚಾಗಿದ್ದು ಹುಲಿಗಳು ವಿರಳವಾಗಿರುವುದಕ್ಕೆ ಇದು ಮುಖ್ಯ ಕಾರಣ. ಆದರೆ ದೊಡ್ಡದು ಚಿಕ್ಕದನ್ನು ತಿನ್ನುವುದೆಂಬ ನಮ್ಮ ‘ಮತ್ಸ್ಯನ್ಯಾಯ’ದ ಕಲ್ಪನೆಗೆ ಈ ಚಿತ್ರ ಪೂರ್ತಿಯಾಗಿ ಹೊಂದುವುದಿಲ್ಲ. ಯಾರಿಗೂ ಬೇಟೆಯಾಗದೆ ಸತ್ತ ಜೀವಿಯಲ್ಲಿಯೂ ಶಕ್ತಿ ಉಳಿದಿರುತ್ತದೆ. ಅದನ್ನು ಬಳಸಿಕೊಂಡು ಸಾರವನ್ನು ಮತ್ತೆ ಮಣ್ಣಿಗೆ ಸೇರಿಸುವ ಜೀವಿಗಳಿಲ್ಲದೆ ಯಾವ ಪರಿಸರ ವ್ಯವಸ್ಥೆಯೂ ನಡೆಯದು.

ದನಗಳು ಅಪಾರ ಸಂಖ್ಯೆಯಲ್ಲಿದ್ದು, ಅವುಗಳ ಮಾಂಸವನ್ನು ತಿನ್ನುವವರು ಕಡಿಮೆಯಿರುವ ನಮ್ಮ ದೇಶದಲ್ಲಿ ಈ ಕೆಲಸ ಬಹುಮಟ್ಟಿಗೆ ರಣಹದ್ದುಗಳ ಪಾಲಿನದಾಗಿತ್ತು. ಚರ್ಮ ಸುಲಿದು ಬಿಟ್ಟ ಕಳೇಬರವನ್ನು ಒಂದು ದೊಡ್ಡ ಹಿಂಡು ಗಂಟೆಯೊಳಗೆ ಎಲುಬಿನ ಹಂದರವಾಗಿಸುತ್ತಿತ್ತು. ಅವುಗಳ ಜಠರದ ತೀವ್ರ ಆಮ್ಲ ಅನೇಕ ರೋಗಾಣುಗಳನ್ನು ನಾಶಮಾಡುತ್ತದೆ. ಎಲುಬನ್ನು ಆಯುವವರು ಒಯ್ಯುತ್ತಿದ್ದರು.

ರಾಜಸ್ಥಾನದ ಭರತಪುರದಲ್ಲಿ ಹೇರಳವಾಗಿದ್ದ ಈ ಹಕ್ಕಿಗಳು 1990ರ ದಶಕದಲ್ಲಿ ಬೇಗಬೇಗನೆ ಕಡಿಮೆಯಾಗುತ್ತಿರುವುದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ದಾಖಲಿಸಿದರು. 1992ರಿಂದ 2007ರ ವೇಳೆಗೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದು ಶೇಕಡಾ 99.9ರಷ್ಟು ಕುಸಿದಿತ್ತು. ಪಾಕಿಸ್ತಾನದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಕಾರಣ ತಿಳಿಯಿತು: ದನಗಳ ನೋವು, ಬಾವುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಅಗ್ಗದ ಔಷಧ. ಔಷಧ ಪಡೆದು ಸ್ವಲ್ಪದರಲ್ಲೇ ಸತ್ತ ದನದ ಮಾಂಸವನ್ನು ತಿಂದ ಹಕ್ಕಿಯ ಮೂತ್ರಪಿಂಡಗಳು ಕೆಟ್ಟು, ಅದು ಕೆಲವೇ ದಿನಗಳಲ್ಲಿ ಸಾಯುತ್ತಿತ್ತು. ಒಂದೊಂದು ಕಳೇಬರಕ್ಕೂ ಹತ್ತಾರು ಹಕ್ಕಿಗಳು ನೆರೆಯುವುದರಿಂದ, ಶೇಕಡಾ ಒಂದಕ್ಕಿಂತ ಕಡಿಮೆ ಕಳೇಬರಗಳು ವಿಷಪೂರಿತವಾಗಿದ್ದರೂ ಇಂಥ ಕುಸಿತಕ್ಕೆ ಸಾಕೆಂದು ಲೆಕ್ಕಹಾಕಲಾಯಿತು. ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿ ಈ ನಷ್ಟವನ್ನು ತುಂಬಿಕೊಳ್ಳಲಾರದಾಯಿತು.

ಇಲ್ಲಿ ನಾವು ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಹಕ್ಕಿ ಹೋದರೂ ಕಳೇಬರದಲ್ಲಿದ್ದ ಶಕ್ತಿ ಹೋಗಲಿಲ್ಲ. ಅದು ಹರಿಯುವ ದಾರಿ ಬದಲಾಯಿತು. ರಣಹದ್ದಿನ ಊಟ ನಾಯಿಗಳ ಪಾಲಾಗಿ, ನಾಯಿಗಳು ಹೆಚ್ಚಿ, ಅವುಗಳೊಡನೆ ಹುಚ್ಚುನಾಯಿ ರೋಗದ ಭಯವೂ ಹೆಚ್ಚಿತು. 1992ರಿಂದ 2006ರ ಅವಧಿಯಲ್ಲಿ ಈ ಕಾರಣದಿಂದ ಆ ರೋಗಕ್ಕೆ ಬಲಿಯಾದವರು ಸುಮಾರು 48,000 ಎಂದು 2008ರ ಅಧ್ಯಯನವೊಂದು ಅಂದಾಜಿಸಿತು. ಕೊಳೆತ ಕಳೇಬರಗಳಿಂದ ನೀರು ಕೆಡುವುದೇ ಮೊದಲಾದ ಪರಿಣಾಮಗಳನ್ನೂ ಸೇರಿಸಿ, 2000ದಿಂದ 2005ರವರೆಗೆ ಸುಮಾರು 5 ಲಕ್ಷ ಹೆಚ್ಚುವರಿ ಸಾವುಗಳಾದುವೆಂದು 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಅಂದಾಜು. ಮುಂಬಯಿಯ ಮಲಬಾರ್ ಹಿಲ್‌ನ ಡೂಂಗರ್‌ವಾಡಿಯಲ್ಲಿ ಹಕ್ಕಿಗಳನ್ನು ನಂಬಿದ್ದ ಪಾರಸಿ ಸಮುದಾಯದ ಅಂತ್ಯವಿಧಿಗೆ ಸೌರಶಾಖ ಸಾಧನಗಳ ನೆರವು ಪಡೆಯಬೇಕಾಯಿತು.

ಇಷ್ಟು ದೊಡ್ಡ ಸೇವೆ ನಮ್ಮ ಕಣ್ಣಿಗೆ ಬೀಳದೆ ಹೋದದ್ದೇಕೆ? ಕಳೇಬರದ ಸುತ್ತಲಿನ ಕೆಲಸವನ್ನೇ ನಮ್ಮ ಸಮಾಜ ಹೊಲೆಯೆಂದು ದೂರವಿಟ್ಟಿತ್ತು. ಚರ್ಮ ಸುಲಿದು ಹದಗೊಳಿಸುವವರನ್ನು ಊರಾಚೆ ಇರಿಸಿದ ಕಾಲದಲ್ಲಿಯೇ, ಹನ್ನೆರಡನೆಯ ಶತಮಾನದ ಶರಣರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ಹಿರಿಯರೆಂದು ಗೌರವಿಸಿದ್ದು ನಮಗೆ ತಿಳಿದೇ ಇದೆ. ಮನುಷ್ಯರನ್ನು ಹಕ್ಕಿಯೊಡನೆ ಹೋಲಿಸುವುದು ನಮ್ಮ ಉದ್ದೇಶವಲ್ಲ. ಒಂದು ಕೆಲಸವನ್ನು ಅಸಹ್ಯವೆಂದು ಬಗೆದ ದೃಷ್ಟಿಗೆ ಅದರ ಅಗತ್ಯವೂ ಕಾಣದೆ ಹೋಗುತ್ತದೆ ಎಂಬುದಷ್ಟೇ ನಮ್ಮ ಅಭಿಪ್ರಾಯ. ರಾಮಾಯಣ ಪರಂಪರೆಯ ಜಟಾಯುವಿಗೆ ಗೌರವ ಸಂದಿದೆ. ಆದರೆ ಅದು ರಾವಣನೊಡನೆ ಹೋರಾಡಿದ ವೀರನಿಗೆ ಸಂದದ್ದು, ಹಕ್ಕಿಯ ದಿನನಿತ್ಯದ ಬಾಳಿಗಲ್ಲ.

ಪಶುಚಿಕಿತ್ಸೆಗೆ ಬಳಸುವ ಡೈಕ್ಲೋಫೆನಾಕನ್ನು ಭಾರತ ಸರಕಾರ 2006ರಲ್ಲಿ ನಿಷೇಧಿಸಿತು. ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್‌ಗಳ ಸರದಿ ಬಂದದ್ದು 2023ರಲ್ಲಿ. ಹರಿಯಾಣದ ಪಿಂಜೋರಿನಲ್ಲಿ ಸಂತಾನೋತ್ಪತ್ತಿ ಕೇಂದ್ರ ನಡೆಯುತ್ತಿದೆ. ಕರ್ನಾಟಕದಲ್ಲಿ ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು.

ವಿಜ್ಞಾನಿಗಳ ವ್ಯಾಪಕ ಗಣತಿ ಬಹುಮಟ್ಟಿಗೆ 1990ರ ದಶಕದಿಂದೀಚಿನದು. ಅದಕ್ಕೂ ಹಿಂದೆ ಈ ಹಕ್ಕಿ ಎಲ್ಲೆಲ್ಲಿತ್ತು, ಜನ ಅದನ್ನು ಏನೆಂದು ಕರೆದರು ಎಂಬುದಕ್ಕೆ ಕಾವ್ಯ, ಶಾಸನ, ಸ್ಥಳನಾಮ ಹಾಗೂ ಹಿರಿಯರ ನೆನಪುಗಳೂ ಆಕರಗಳಾಗಬಲ್ಲವು. ಹೊರನಾಡಿನ ಕನ್ನಡಿಗರ ಮನೆಮಾತುಗಳಲ್ಲಿ ಉಳಿದಿರಬಹುದಾದ ಹೆಸರುಗಳ ಸಂಗ್ರಹವನ್ನು ನಮ್ಮ ಸಂಶೋಧಕರು ಕೈಗೆತ್ತಿಕೊಳ್ಳುವುದು ಅಪೇಕ್ಷಣೀಯ. ಆ ಹಕ್ಕಿಯನ್ನು ದಿನವೂ ಕಂಡ ತಲೆಮಾರು ಇನ್ನೂ ನಮ್ಮೊಡನಿರುವಾಗಲೇ ಈ ಕೆಲಸ ನಡೆಯಬೇಕಾಗಿದೆ.